ಕೊಟ್ಟ ಹೆಣ್ಣು ಕುಲಕ್ಕೆ ಹೊರಗೇ?

ಯಾರಾದರೂ ಒರಟಾಗಿ ನಡೆದುಕೊಂಡರೆ ‘ಒಳ್ಳೇ ಕಾಡುಮನುಷ್ಯನ ಹಾಗೆ ಆಡುತ್ತಾನೆ’ ಎನ್ನುವುದು ನಮ್ಮಲ್ಲಿ ರೂಢಿ. ಹೆಂಡತಿಯನ್ನು ಸುಟ್ಟವನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಮಗೆ ಮೊದಲು ನೆನಪಾಗುವ ಪದಗಳು ‘ಮೃಗೀಯ’, ‘ಅನಾಗರಿಕ’. ಮಹಿಳಾ ಸಭೆಗಳ ಠರಾವುಗಳಲ್ಲಿ ಕೂಡ ‘ವರದಕ್ಷಿಣೆಯೆಂಬ ಈ ಅನಾಗರಿಕ ಪದ್ಧತಿಯನ್ನು ಖಂಡಿಸುತ್ತೇವೆ’ ಎಂಬ ವಾಕ್ಯ ತಪ್ಪದೆ ಇರುತ್ತದೆ. ಖಂಡನೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ವಿಶೇಷಣದ ಬಗ್ಗೆ. ವರದಕ್ಷಿಣೆ ಅನಾಗರಿಕರ ಪದ್ಧತಿಯಲ್ಲ. ಅದು ಓದಿದವರ, ನೌಕರಿಯಲ್ಲಿರುವವರ, ಆಸ್ತಿವಂತರ, ಅಂದರೆ ನಾವು ‘ನಾಗರಿಕರು’ ಎಂದು ಕರೆಯುವವರ ಪದ್ಧತಿ. ಕಾಡಿನ ಜನಕ್ಕೆ ಅದು ಗೊತ್ತೇ ಇರಲಿಲ್ಲ. ಈಗ ಗೊತ್ತಾಗುತ್ತಿದೆ, ಮತ್ತು ಅದನ್ನು ಕಲಿಸುತ್ತಿರುವವರು ನಾವು.

ಈ ಹೋಲಿಕೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಮೂರು ದಶಕ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು, ಆನೇಕಲ್ಲಿನಲ್ಲಿ ವಾಸ. ನಮ್ಮ ತಾಲ್ಲೂಕಿನ ಒಂದು ತುದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಇದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ 1978ರಲ್ಲಿ 332 ಎಕರೆಯಲ್ಲಿ ಕಿಯೋನಿಕ್ಸ್ ಶುರುಮಾಡಿದ ಈ ಬಡಾವಣೆಯ ಹೆಸರು ಇವತ್ತು ಜಗತ್ತಿಗೇ ಗೊತ್ತು. ಅತ್ತ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳು. ಇನ್ನೊಂದು ತುದಿಯಲ್ಲಿ ಬನ್ನೇರುಘಟ್ಟದ ಕಾಡು; 1974ರಿಂದ ಅದು ರಾಷ್ಟ್ರೀಯ ಉದ್ಯಾನ. ಆ ಕಾಡಿನ ಅಂಚಿನಲ್ಲಿ ಹಕ್ಕಿಪಿಕ್ಕಿ ಕಾಲೊನಿ ಇದೆ, ಇರುಳಿಗರ ಸಣ್ಣಪುಟ್ಟ ವಸತಿಗಳಿವೆ. ಎರಡು ತುದಿಗಳ ನಡುವೆ ಬಸ್ಸಿನಲ್ಲಿ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಸಮಾಜಶಾಸ್ತ್ರದವರು ‘ಬುಡಕಟ್ಟು ಸಮಾಜ’, ‘ಆಧುನಿಕ ಕೈಗಾರಿಕಾ ಸಮಾಜ’ ಎಂದು ಎರಡು ಅಧ್ಯಾಯ ಮಾಡಿ ಬರೆದದ್ದು ನಮ್ಮಲ್ಲಿ ಒಂದೇ ತಾಲ್ಲೂಕು ಕಚೇರಿಯ ವ್ಯಾಪ್ತಿಯಲ್ಲಿ ಬದುಕುತ್ತಿದೆ.

ಹಕ್ಕಿಪಿಕ್ಕಿಗಳು ಹೆಸರೇ ಹೇಳುವಂತೆ ಹಕ್ಕಿ ಹಿಡಿದು, ಬೇಟೆಯಾಡಿ ಬದುಕಿದ ಅಲೆಮಾರಿ ಜನ. ಮನೆಯೊಳಗೆ ಅವರು ಆಡುವ ವಾಗ್ರಿ ಮಾತು ಗುಜರಾತಿಗೆ ಹತ್ತಿರದ್ದು. ಹೊರಗೆ ಚೆನ್ನಾಗಿ ಕನ್ನಡ, ತಮಿಳು, ತೆಲುಗು ಮಾತಾಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಅವರು ಮಣಿಸರ, ಪ್ಲಾಸ್ಟಿಕ್ ಹೂವು, ಬೇರುನಾರಿನ ತೈಲ ಮಾರುವುದಕ್ಕೆ ತಿರುಗಿದರು. ತೈಲದ ಬಾಟಲಿ ಹಿಡಿದು ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದದ್ದನ್ನು ಓದುಗರು ಮರೆತಿರಲಾರರು. ಇರುಳಿಗರು ಬನ್ನೇರುಘಟ್ಟದಿಂದ ಕನಕಪುರ, ರಾಮನಗರ, ಮಾಗಡಿಯವರೆಗೆ ಹಬ್ಬಿದ ಬೆಟ್ಟಗುಡ್ಡಗಳ ಜನ. ಜೇನು, ಗೆಡ್ಡೆಗೆಣಸು, ಕೂಲಿ ಅವರ ಜೀವನ.

ಒಮ್ಮೆ ಜಾತ್ರೆಯಲ್ಲಿ ಮಣಿಸರ ಮಾರುತ್ತಿದ್ದ ಹಕ್ಕಿಪಿಕ್ಕಿ ಹೆಂಗಸೊಬ್ಬರ ಜೊತೆ ಮಾತಿಗೆ ಕೂತಿದ್ದೆ. ಅವರ ಮಗಳಿಗೆ ಗಂಡು ಗೊತ್ತಾಗಿತ್ತು. ಮದುವೆ ಖರ್ಚಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರು ನಕ್ಕರು. “ನಮ್ಮಲ್ಲಿ ಗಂಡಿನ ಕಡೆಯೋರೇ ಕೊಡ್ಬೇಕು ಕಣಮ್ಮಾ. ನಿಮ್ಮಲ್ಲಿ ಹೆಣ್ಣೂ ಕೊಟ್ಟು ಮೇಲೆ ದುಡ್ಡೂ ಕೊಡ್ತೀರಂತಲ್ಲ, ಅದ್ಯಾಕೆ? ನಿಮ್ ಹೆಣ್ಮಕ್ಕಳು ಕೆಲ್ಸ ಮಾಡಲ್ವಾ?” ಸರಿ, ಗಂಡ ಹೊಡೆದರೆ ಏನು ಮಾಡುತ್ತೀರಿ ಎಂದೆ. “ಹೊಡೀತಾರೆ, ಕುಡಿದ್ರೆ ಹೊಡೀತಾರೆ. ಜಾಸ್ತಿಯಾದ್ರೆ ಎದ್ದು ಬಂದ್ಬಿಡ್ತಾಳೆ. ನಾನು ಸತ್ತಿದೀನಾ?” ಎಂದರು.

ಆ ಎರಡು ಮಾತಿನಲ್ಲಿ ಈ ಲೇಖನದ ವಿಷಯವೆಲ್ಲ ಇದೆ. ಮೊದಲನೆಯದು ಹೆಣ್ಣಿನ ದುಡಿಮೆಯ ಬೆಲೆಯ ಮಾತು. ಎರಡನೆಯದು ತವರಿನ ಬಾಗಿಲಿನ ಮಾತು.

ಮೊದಲು ಬೆಲೆಯ ಮಾತನ್ನೇ ತೆಗೆದುಕೊಳ್ಳೋಣ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ಹಣಕ್ಕೆ ಹಳೆಯ ಮೈಸೂರಿನಲ್ಲಿ ‘ತೆರ’ ಎಂದು ಹೆಸರು. ಇದು ಬುಡಕಟ್ಟುಗಳಲ್ಲಿ ಮಾತ್ರ ಇದ್ದದ್ದಲ್ಲ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಸಿದ್ಧಪಡಿಸಿ, 1928ರಿಂದ 1935ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಗ್ರಂಥವನ್ನು ತಿರುವಿಹಾಕಿದರೆ, ರೈತಾಪಿ, ಕುಶಲಕರ್ಮಿ, ಪಶುಪಾಲಕ ಜಾತಿಗಳಲ್ಲಿ ಒಂದಾದ ಮೇಲೊಂದರಲ್ಲಿ ತೆರದ ಉಲ್ಲೇಖ ಸಿಗುತ್ತದೆ. ವಿಧವೆಯೋ ಬಿಟ್ಟವಳೋ ಮತ್ತೆ ಮದುವೆಯಾಗುವ ‘ಕೂಡಿಕೆ’ಯ ಉಲ್ಲೇಖವೂ ಸಿಗುತ್ತದೆ; ಸೀರೆ ಉಡಿಸಿ ಕರೆದುಕೊಂಡು ಹೋಗುವುದರಿಂದ ಅದಕ್ಕೆ ‘ಸೀರುಡಿಕೆ’ ಎಂಬ ಹೆಸರೂ ಇತ್ತು. ಇವತ್ತು ಕಲ್ಯಾಣಮಂಟಪದಲ್ಲಿ ಕಾರಿನ ಕೀಲಿಕೈ ಹಸ್ತಾಂತರಿಸುವ ಎಷ್ಟೋ ಮನೆತನಗಳಲ್ಲಿ ಮುತ್ತಜ್ಜಿಯನ್ನು ತೆರ ಕೊಟ್ಟೇ ತಂದಿದ್ದರು. ನಮ್ಮ ಮನೆಗಳಲ್ಲಿ ಈ ವಿಷಯವನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ತೆರ ಎನ್ನುವುದು ‘ಕೀಳು’ ಎಂದು ನಾವು ಎಂದೋ ಒಪ್ಪಿಕೊಂಡುಬಿಟ್ಟೆವು.

ಹಾಗಾದರೆ ತೆರ ಹೋಗಿ ವರದಕ್ಷಿಣೆ ಬಂದದ್ದು ಹೇಗೆ? ಇದಕ್ಕೆ ಸಾಕ್ಷಿ ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್. 1942ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕ ಮೈಸೂರಿನ ಮದುವೆ ಮತ್ತು ಕುಟುಂಬವನ್ನು ಕುರಿತದ್ದು. ಬ್ರಾಹ್ಮಣೇತರ ಜಾತಿಗಳಲ್ಲಿ ತೆರ ಇದ್ದುದನ್ನೂ, ಇಂಗ್ಲಿಷ್ ಓದಿ ಸರ್ಕಾರಿ ನೌಕರಿ ಹಿಡಿದ ಹುಡುಗರಿಗಾಗಿ ಬ್ರಾಹ್ಮಣ ಕುಟುಂಬಗಳಲ್ಲಿ ಪೈಪೋಟಿ ಹುಟ್ಟಿ ವರದಕ್ಷಿಣೆ ಬೆಳೆದುದನ್ನೂ ಅವರು ಆಗಲೇ ಗುರುತಿಸಿದ್ದರು. ಹುಡುಗನ ಓದಿನ ಖರ್ಚನ್ನು ಹೆಣ್ಣಿನ ತಂದೆ ತುಂಬಿಕೊಡಬೇಕಾಯಿತು. ನಾಲ್ಕು ದಶಕಗಳ ನಂತರ ಅವರು ವರದಕ್ಷಿಣೆಯ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟರು. ಅದು 1984ರಲ್ಲಿ ಅಚ್ಚಾಯಿತು. ಆಧುನಿಕ ವರದಕ್ಷಿಣೆಯನ್ನು ಹಳೆಯ ಸ್ತ್ರೀಧನದ ಮುಂದುವರಿಕೆ ಎಂದು ಹೇಳಿಕೊಂಡು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬ್ರಿಟಿಷ್ ಆಡಳಿತದಲ್ಲಿ ಬಂದ ಹಣದ ವ್ಯವಹಾರ, ಶಿಕ್ಷಣ, ಸಂಬಳದ ನೌಕರಿ ಇವುಗಳಿಂದ ಹುಟ್ಟಿದ ಹೊಸ ಪಿಡುಗು ಇದು ಎಂಬುದು ಅವರ ವಾದ.

ಅವರೇ ರೂಢಿಗೆ ತಂದ ‘ಸಂಸ್ಕೃತೀಕರಣ’ ಎಂಬ ಪದ ನನ್ನ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠವಾಗಿತ್ತು. ಕೆಳಗಿನ ಸ್ತರದವರೆಂದು ಎಣಿಸಲ್ಪಟ್ಟ ಸಮುದಾಯ ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಪ್ರಯತ್ನಿಸುವುದು ಎಂದು ಅವರು ಬರೆಯುತ್ತಿದ್ದರು, ಅಂಕ ಬರುತ್ತಿತ್ತು. ಆದರೆ ಆ ಏಣಿಯನ್ನು ಹೆಣ್ಣಿನ ಕಡೆಯಿಂದ ನೋಡಿ. ಒಂದು ಜಾತಿ ಒಂದು ಮೆಟ್ಟಿಲು ಹತ್ತಿದಾಗಲೆಲ್ಲ ಅದರ ಹೆಂಗಸರ ಒಂದೊಂದು ಬಾಗಿಲು ಮುಚ್ಚಿದೆ. ಮಾಂಸ ಬಿಟ್ಟದ್ದು ಗಂಡಸರ ಗೌರವಕ್ಕಾಯಿತು. ಕೂಡಿಕೆ ನಿಂತುಹೋದದ್ದು ಯಾರ ಪಾಲಿಗಾಯಿತು? ಹೊಲಕ್ಕೆ ಹೋಗುತ್ತಿದ್ದವಳನ್ನು ಮನೆಯೊಳಗೆ ಕೂರಿಸಿದ್ದು, ತೆರ ಕೇಳುತ್ತಿದ್ದ ಅಪ್ಪ ವರದಕ್ಷಿಣೆ ಹೊಂದಿಸಲು ಸಾಲ ಮಾಡಿದ್ದು, ಬಿಟ್ಟುಬಂದ ಹೆಣ್ಣು ಮನೆಗೆ ಕಳಂಕವಾದದ್ದು, ಇವೆಲ್ಲ ನಾವು ‘ಮುಂದುವರಿಯುತ್ತಾ’ ಬಂದ ಹಾಗೆ ನಡೆದವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತೆರವನ್ನು ಹೊಗಳಲು ನಾನು ಹೊರಟಿಲ್ಲ. ತೆರವೂ ಬೆಲೆಯೇ. ಅದನ್ನು ಮಗಳ ಕೈಗೆ ಕೊಡುವುದಿಲ್ಲ, ಅಪ್ಪನಿಗೋ ಸೋದರಮಾವನಿಗೋ ಕೊಡುತ್ತಾರೆ. ‘ದುಡ್ಡು ಕೊಟ್ಟು ತಂದಿದ್ದೇನೆ’ ಎಂದು ಹೊಡೆಯುವ ಗಂಡನಿಗೆ ಅದೇ ನೆಪವಾಗುತ್ತದೆ. ಹೆಣ್ಣು ಬಿಟ್ಟುಬಂದರೆ ತೆರ ಹಿಂತಿರುಗಿಸಬೇಕು ಎಂಬ ಕಟ್ಟಳೆ ಇರುವ ಕಡೆ, ಹಿಂತಿರುಗಿಸಲಾಗದ ಬಡ ಅಪ್ಪ ಮಗಳನ್ನು ವಾಪಸು ಕಳಿಸಿಯೂ ಇದ್ದಾನೆ. 1961ರ ವರದಕ್ಷಿಣೆ ನಿಷೇಧ ಕಾಯಿದೆ ‘ಮದುವೆಯ ಒಂದು ಪಕ್ಷದವರು ಇನ್ನೊಂದು ಪಕ್ಷದವರಿಗೆ’ ಕೊಡುವ ಆಸ್ತಿ ಎಂದು ಎರಡೂ ದಿಕ್ಕಿಗೆ ಅನ್ವಯಿಸುವ ಹಾಗೆ ವ್ಯಾಖ್ಯಾನ ಮಾಡಿದೆ. ಆದರೆ ಎರಡೂ ಒಂದೇ ಎಂದು ತಳ್ಳಿಹಾಕಿದರೆ ಒಂದು ಮುಖ್ಯ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ತೆರ ಕೊಡುವವನು ‘ನಿಮ್ಮ ಮನೆಯಿಂದ ಎರಡು ದುಡಿಯುವ ಕೈ ಕರೆದುಕೊಂಡು ಹೋಗುತ್ತಿದ್ದೇನೆ, ನಿಮಗೆ ನಷ್ಟವಾಗಿದೆ’ ಎಂದು ಒಪ್ಪುತ್ತಾನೆ. ವರದಕ್ಷಿಣೆ ತೆಗೆದುಕೊಳ್ಳುವವನು ‘ನಿಮ್ಮ ಹೊರೆಯನ್ನು ನಾನು ಹೊರುತ್ತಿದ್ದೇನೆ, ಕೂಲಿ ಕೊಡಿ’ ಎನ್ನುತ್ತಾನೆ. ಮಗಳನ್ನು ಹೊರೆ ಎಂದು ಎಣಿಸುವ ಸಮಾಜ ಅವಳನ್ನು ಹುಟ್ಟುವ ಮೊದಲೇ ಇಳಿಸಿಕೊಳ್ಳಲು ನೋಡುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸಾವಿರ ಗಂಡಸರಿಗೆ 943 ಹೆಂಗಸರಿದ್ದರು. ಪರಿಶಿಷ್ಟ ಪಂಗಡಗಳಲ್ಲಿ 990. ಆರು ವರ್ಷದೊಳಗಿನ ಮಕ್ಕಳಲ್ಲಿ ಇಡೀ ದೇಶದ ಲೆಕ್ಕ ಸಾವಿರಕ್ಕೆ 920ನ್ನೂ ಮುಟ್ಟಲಿಲ್ಲ. ಪರಿಶಿಷ್ಟ ಪಂಗಡಗಳಲ್ಲಿ ಅದು 957. ಆಸ್ಪತ್ರೆ, ಸ್ಕ್ಯಾನಿಂಗು, ವಿದ್ಯಾಭ್ಯಾಸ ಎಲ್ಲ ಯಾರ ಬಳಿ ಹೆಚ್ಚಾಗಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇನ್ನು ಬಾಗಿಲಿನ ಮಾತು. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಹುಡುಗ ಹುಡುಗಿ ಪರಸ್ಪರ ಒಪ್ಪಿ ಕಾಡಿಗೆ ಓಡಿಹೋಗುವುದು, ಕೆಲವು ದಿನಗಳ ನಂತರ ಪೋಡಿಗೆ ಹಿಂತಿರುಗುವುದು, ಕುಲದ ಹಿರಿಯರು ಒಂದು ಸಣ್ಣ ತಪ್ಪುಕಾಣಿಕೆ ಹಾಕಿ ಊಟ ಹಾಕಿಸಿ ಮದುವೆ ಎಂದು ಒಪ್ಪಿಕೊಳ್ಳುವುದು ಹಳೆಯ ವಾಡಿಕೆ. ಅದೇ ಕೆಲಸವನ್ನು ನಾಡಿನಲ್ಲಿ ಮಾಡಿದ ಜೋಡಿಗಳಿಗೆ ಏನಾಗುತ್ತದೆ ಎಂಬುದನ್ನು ‘ಮರ್ಯಾದಾ ಹತ್ಯೆ’ ಎಂಬ ಹೆಸರಿನಲ್ಲಿ ನಾವು ಓದುತ್ತಿದ್ದೇವೆ. ಯಾರ ಮರ್ಯಾದೆ, ಎಂಥ ಮರ್ಯಾದೆ? ಸೋಲಿಗರಲ್ಲಿ ಹೊಂದಿಕೆಯಾಗದ ಗಂಡನನ್ನು ಬಿಡುವುದಕ್ಕೆ, ಬಿಟ್ಟವಳು ಅಥವಾ ಗಂಡ ಸತ್ತವಳು ಮತ್ತೊಬ್ಬನ ಜೊತೆ ಬಾಳುವುದಕ್ಕೆ ಅಡ್ಡಿಯಿರಲಿಲ್ಲ. ತವರು ಅವಳ ಪಾಲಿಗೆ ತವರಾಗಿಯೇ ಉಳಿಯುತ್ತಿತ್ತು.

ನಾಡಿನವರಾದ ನಮ್ಮ ಗಾದೆ ಬೇರೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎನ್ನುತ್ತೇವೆ. ಇದನ್ನು ಯಾರೂ ಗಟ್ಟಿಯಾಗಿ ಹೇಳಬೇಕಾಗಿಲ್ಲ. ಮಗಳು ಮೊದಲ ಸಲ ಕೆನ್ನೆ ಊದಿಸಿಕೊಂಡು ಬಂದಾಗ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ’ ಎನ್ನುತ್ತೇವೆ. ಎರಡನೇ ಸಲ ‘ನಿನ್ನ ತಂಗಿ ಮದುವೆ ಆಗಬೇಕಲ್ಲ’ ಎನ್ನುತ್ತೇವೆ. ಮೂರನೇ ಸಲ ಅಳಿಯನಿಗೆ ಇನ್ನೊಂದಿಷ್ಟು ಹಣ ಕೊಟ್ಟು ಅವಳ ಜೊತೆ ಕಳಿಸುತ್ತೇವೆ. ನಾಲ್ಕನೇ ಸಲ ಫೋನು ಬರುತ್ತದೆ.

1979ರಿಂದ ಬೆಂಗಳೂರಿನಲ್ಲಿ ದುಡಿಯುತ್ತಿರುವ ವಿಮೋಚನಾ ಸಂಘಟನೆಯ ಗೆಳತಿಯರು 1990ರ ದಶಕದಲ್ಲಿ ಪೊಲೀಸ್ ಠಾಣೆಗಳ, ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಬಾಗಿಲು ಕಾದು ಸತ್ತ ಹೆಂಗಸರ ಲೆಕ್ಕವಿಟ್ಟರು. ‘ಸ್ಟವ್ ಸಿಡಿದು ಸಾವು’, ‘ಅಡುಗೆಮನೆ ಅಪಘಾತ’ ಎಂಬ ಒಕ್ಕಣೆಗಳ ಹಿಂದೆ ಏನಿತ್ತೆಂದು ಅವರು ಬಯಲಿಗೆಳೆದರು. ಆ ಹೆಂಗಸರಲ್ಲಿ ಬಹುಮಂದಿ ಸಾಯುವ ಮೊದಲು ತವರಿಗೆ ಬಂದು ಹೋದವರೇ ಆಗಿದ್ದರು ಎಂಬುದು ಇಂಥ ಪ್ರಕರಣಗಳ ಜೊತೆ ಓಡಾಡಿದ ಯಾರಿಗೂ ಗೊತ್ತಿರುವ ಸಂಗತಿ. ಕಾನೂನುಗಳು ಬಂದವು. ದಂಡಸಂಹಿತೆಗೆ 1983ರಲ್ಲಿ 498ಎ, 1986ರಲ್ಲಿ 304ಬಿ ಸೇರಿದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 85-86 ಮತ್ತು 80ನೇ ಕಲಮುಗಳಾಗಿವೆ. ಕೌಟುಂಬಿಕ ದೌರ್ಜನ್ಯ ಕಾಯಿದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಇಷ್ಟಾದರೂ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ವರದಕ್ಷಿಣೆ ಸಾವು ಎಂದು ದಾಖಲಾದ ಪ್ರಕರಣಗಳು 6,450. ದಿನಕ್ಕೆ ಹದಿನೇಳಕ್ಕಿಂತ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರಲ್ಲಿ ಕೇಳಿದಾಗ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇಕಡಾ 20.6 ಮಂದಿ ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದಿದ್ದರು. 2019-20ರಲ್ಲಿ ಆ ಪ್ರಮಾಣ 44.4. ಇಡೀ ದೇಶದಲ್ಲಿ ಅತಿ ಹೆಚ್ಚು. ಹಿಂಸೆಯೇ ಹೆಚ್ಚಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಿದರೋ, ಎರಡೂ ಇರಬಹುದು. ಆದರೆ ಮಾಹಿತಿ ತಂತ್ರಜ್ಞಾನದ ರಾಜಧಾನಿಯುಳ್ಳ ರಾಜ್ಯ ಈ ಪಟ್ಟಿಯ ಮೇಲ್ತುದಿಯಲ್ಲಿ ನಿಂತದ್ದನ್ನು ನೋಡಿದ ಮೇಲೂ ‘ಓದು ಬಂದರೆ ಎಲ್ಲ ಸರಿಹೋಗುತ್ತದೆ’ ಎಂದು ನಂಬುವುದು ಕಷ್ಟ.

ಬಾಗಿಲು ಮುಚ್ಚುವುದರ ಹಿಂದೆ ಆಸ್ತಿಯ ಲೆಕ್ಕಾಚಾರವಿದೆ. ಕರ್ನಾಟಕ ಈ ವಿಷಯದಲ್ಲಿ ಕೇಂದ್ರಕ್ಕಿಂತ ಮುಂದಿತ್ತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ನಮ್ಮ ರಾಜ್ಯದ ತಿದ್ದುಪಡಿ 1994ರ ಜುಲೈನಲ್ಲೇ ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದ ಮಗಳಿಗೆ ಆ ಹಕ್ಕು ಇಲ್ಲ ಎಂದು ಅದರಲ್ಲೇ ಬರೆದಿತ್ತು. ಗಾದೆ ಕಾಯಿದೆಯೊಳಗೆ ನುಸುಳಿದ್ದು ಹೀಗೆ! 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಖಚಿತಪಡಿಸಿತು. ಕಾಗದದಲ್ಲಿ ಇದು ಸರಿ. ನಮ್ಮ ತಾಲ್ಲೂಕಿನಲ್ಲಿ ರಾಗಿ ಹೊಲ ಸೈಟಾಗುವಾಗ, ಎಕರೆಗೆ ಕೋಟಿಗಳ ಮಾತು ನಡೆಯುವಾಗ ಏನಾಗುತ್ತದೆ? ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಒಂದಿಷ್ಟು ಹಣ. ‘ನಿನ್ನ ಮದುವೆಗೆ ಅಷ್ಟು ಖರ್ಚು ಮಾಡಿದೀವಲ್ಲ’ ಎಂಬ ಮಾತು. ಸಹಿ ಹಾಕದಿದ್ದರೆ ಅಣ್ಣನ ಮನೆಯ ಹಬ್ಬದ ಕರೆ ನಿಲ್ಲುತ್ತದೆ. ಹೀಗೆ ವರದಕ್ಷಿಣೆ ಅವಳ ಪಾಲಿಗೆ ಬದಲಾಗಿ ನಿಲ್ಲುತ್ತದೆ; ಮತ್ತು ಆ ವರದಕ್ಷಿಣೆ ಅವಳ ಕೈಯಲ್ಲಿ ಇರುವುದೂ ಇಲ್ಲ. ಗಂಡನ ಮನೆಯಲ್ಲಿ ಅವಳು ಹೊರಗಿನಿಂದ ಬಂದವಳು, ತವರಿನಲ್ಲಿ ಸಹಿ ಹಾಕಿ ಹೊರಗಾದವಳು.

ತನ್ನನ್ನು ನಾಗರಿಕ ಎಂದುಕೊಂಡ ಸಮಾಜ ಈ ಕನ್ನಡಿ ನೋಡಿಕೊಂಡ ಉದಾಹರಣೆ ಬೇರೆ ಕಡೆಯೂ ಇದೆ. ಅಮೆರಿಕದಲ್ಲಿ ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದ ಮಟಿಲ್ಡಾ ಜೋಸ್ಲಿನ್ ಗೇಜ್ ಎಂಬಾಕೆ 1893ರಲ್ಲಿ ಬರೆದ ಪುಸ್ತಕದಲ್ಲಿ, ತನ್ನ ನೆರೆಯ ಇರೊಕ್ವಾ ಬುಡಕಟ್ಟಿನ ಹೆಂಗಸರ ಸ್ಥಾನಮಾನವನ್ನು ಬಿಳಿಯರ ಮುಂದೆ ಎತ್ತಿ ಹಿಡಿದಳು. ಇರೊಕ್ವಾಗಳಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಿದ್ದರು, ಮನೆ ಹೆಂಗಸರದಾಗಿತ್ತು, ಕುಲದ ತಾಯಂದಿರು ಮುಖಂಡರನ್ನು ಆರಿಸುತ್ತಿದ್ದರು. ಅದೇ ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯರ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯೇ ಇಲ್ಲದ ಸ್ಥಿತಿಯಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ಅದಕ್ಕೊಂದು ಕಾಯಿದೆ ಬಂದದ್ದು 1848ರಲ್ಲಿ. ಗೇಜ್ ಕಾಡಿಗೆ ಹೋಗೋಣ ಎನ್ನಲಿಲ್ಲ. ಹೆಣ್ಣಿನ ಅಧೀನತೆ ಪ್ರಕೃತಿ ನಿಯಮವಲ್ಲ, ಬೇರೆ ರೀತಿಯಲ್ಲಿ ಬದುಕಿದ ಜನ ಪಕ್ಕದಲ್ಲೇ ಇದ್ದಾರೆ ಎಂಬುದು ಆಕೆಯ ಮಾತಾಗಿತ್ತು. ನನ್ನ ಮಾತೂ ಅಷ್ಟೇ.

ಕಾಡಿನ ಬದುಕನ್ನು ಸ್ವರ್ಗವೆಂದು ಬಣ್ಣಿಸುವುದು ನಗರದವರಿಗೆ ಒಂದು ಹವ್ಯಾಸವಾಗಿದೆ. ಆ ತಪ್ಪು ಬೇಡ. ಹಾಡಿಯ ಹೆಂಗಸಿಗೂ ಏಟು ಬೀಳುತ್ತದೆ. ಸಾರಾಯಿ ಅಲ್ಲಿ ಎಷ್ಟೋ ಸಂಸಾರಗಳನ್ನು ತಿಂದುಹಾಕಿದೆ. 2007ರ ಜುಲೈನಿಂದ ಸಾರಾಯಿ ನಿಷೇಧವಾದ ಮೇಲೆ ಅದರ ಜಾಗಕ್ಕೆ ಪ್ಯಾಕೆಟ್ಟಿನ ಮದ್ಯ ಬಂದಿತು. ಎಳೆಯ ವಯಸ್ಸಿನ ಮದುವೆಗಳಿವೆ. ಕುಲಪಂಚಾಯಿತಿಯಲ್ಲಿ ಕೂರುವವರು ಗಂಡಸರು. ಹೆರಿಗೆಗೆ ಆಸ್ಪತ್ರೆ ದೂರ. ಕಾಡಿನಿಂದ ಒಕ್ಕಲೆಬ್ಬಿಸಿದ ಮೇಲೆ ನೆಲವಿಲ್ಲದ ಕೂಲಿ ಬದುಕು ಬೇರೆ. ಇವನ್ನೆಲ್ಲ ‘ಅವರ ಸಂಸ್ಕೃತಿ’ ಎಂದು ಬಿಟ್ಟುಬಿಡುವ ಹಕ್ಕು ನಮಗಿಲ್ಲ. ಅಲ್ಲಿನ ಹುಡುಗಿಗೆ ಶಾಲೆ ಬೇಕು, ವೈದ್ಯರು ಬೇಕು, ಮತಪತ್ರ, ಪಡಿತರ, ಜಾತಿ ಪ್ರಮಾಣಪತ್ರ ಎಲ್ಲವೂ ಬೇಕು. ನನ್ನ ಪ್ರಶ್ನೆ ಇಷ್ಟೇ: ಶಾಲೆ ಕೊಡುವಾಗ ಅದರ ಜೊತೆ ವರದಕ್ಷಿಣೆಯನ್ನೂ ಕೊಡಲೇಬೇಕೇ?

ಏಕೆಂದರೆ ಅದು ಹೋಗುತ್ತಿದೆ. ನನ್ನ ಕೊನೆಯ ವರ್ಷಗಳ ವಿದ್ಯಾರ್ಥಿನಿಯರಲ್ಲಿ ಇರುಳಿಗರ ಹುಡುಗಿಯೊಬ್ಬಳಿದ್ದಳು. ಅವಳ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಕಾರ್ಖಾನೆಯೊಂದರಲ್ಲಿ ಕಾಯಂ ಕೆಲಸವಿದ್ದ ತಮ್ಮವನೇ ಹುಡುಗನ ಸಂಬಂಧ ಬಂದಿತ್ತು. ಅವನ ಮನೆಯವರು ಬೈಕು ಕೇಳಿದ್ದರು. “ಮೊದ್ಲು ನಮ್ಮಲ್ಲಿ ಹಿಂಗಿರ್ಲಿಲ್ಲ ಮಿಸ್. ಈಗ ಹುಡುಗನಿಗೆ ಪಿ.ಎಫ್. ಇದೆ, ಅದಕ್ಕೆ ಕೇಳ್ತಾರೆ” ಎಂದಳು. 1942ರಲ್ಲಿ ಶ್ರೀನಿವಾಸರು ಬರೆದದ್ದನ್ನು ಅವಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದಳು. ಅಂದು ಸರ್ಕಾರಿ ಗುಮಾಸ್ತನ ಸಂಬಳ, ಇಂದು ಕಾರ್ಖಾನೆಯ ಪಿ.ಎಫ್.; ನಾಗರಿಕತೆ ಬರುವ ದಾರಿ ಒಂದೇ. ಅವಳ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಗಂಡನ್ನು ಬಿಟ್ಟು ಬರುವ ಧೈರ್ಯ ಅವಳಿಗಿತ್ತು, ಬಂದರೆ ಉಣ್ಣಲು ಪಾಲಿತ್ತು. ಮೊಮ್ಮಗಳಿಗೆ ಅಕ್ಷರ ಬಂದಿದೆ. ಅವಳಪ್ಪ ಬೈಕಿಗೆ ಸಾಲ ಮಾಡಿದ ಮೇಲೆ ಅವಳು ಹಿಂತಿರುಗಿ ಬರಬಲ್ಲಳೇ?

ಕಾನೂನು ಕೂಡ ಅವಳನ್ನು ನಡುದಾರಿಯಲ್ಲಿ ನಿಲ್ಲಿಸಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೇ ಕಲಮಿನ 2ನೇ ಉಪಕಲಮಿನಂತೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಹೊರತು ಆ ಕಾಯಿದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕ ಸಮಪಾಲು ಬುಡಕಟ್ಟಿನ ಮಗಳಿಗೆ ಶಾಸನದಿಂದ ಸಿಕ್ಕಿಲ್ಲ. ಈ ಭೇದಕ್ಕೆ ಸಮರ್ಥನೆಯಿಲ್ಲ, ಸರ್ಕಾರ ಇದನ್ನು ಮರುಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜುಲೈನಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಹೆಣ್ಣಿಗೆ ಪಾಲಿಲ್ಲ ಎಂಬ ಸಂಪ್ರದಾಯ ರುಜುವಾತಾಗದಿದ್ದಾಗ ಬುಡಕಟ್ಟಿನ ಹೆಣ್ಣಿನ ವಾರಸುದಾರರಿಗೂ ಸಮಪಾಲು ಸಲ್ಲಬೇಕೆಂದು ತೀರ್ಪಿತ್ತಿತು. ಒಬ್ಬೊಬ್ಬಳೂ ದೆಹಲಿಯವರೆಗೆ ಹೋಗಿ ಪಡೆಯಬೇಕಾದದ್ದು ಹಕ್ಕು ಎನಿಸೀತೇ?

ಹಾಗೆಂದು ಎಲ್ಲ ಶಾಸನವೂ ಕುರುಡಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ 4ನೇ ಕಲಮು, ಕಾಡಿನ ನೆಲದ ಹಕ್ಕುಪತ್ರ ಮದುವೆಯಾದವರಿಗಾದರೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ನೋಂದಣಿಯಾಗಬೇಕು, ಆ ನೆಲ ವಂಶಪಾರಂಪರ್ಯವಾಗಿ ಬರಬೇಕು, ಮಾರಾಟವಾಗಬಾರದು ಎನ್ನುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರ ಅಕ್ಟೋಬರ್ 2ರಂದು ಸಮುದಾಯ ಅರಣ್ಯ ಹಕ್ಕು ದೊರೆತದ್ದು ಇದೇ ಕಾಯಿದೆಯಡಿ. ಹೆಂಡತಿಯ ಹೆಸರಿಲ್ಲದ ಹಕ್ಕುಪತ್ರ ಸಲ್ಲದು ಎಂಬ ಈ ನಿಯಮ ನಮ್ಮ ಪಹಣಿಗೆ ಏಕಿಲ್ಲ? ಆನೇಕಲ್ ತಾಲ್ಲೂಕಿನ ಪಹಣಿಗಳಲ್ಲಿ ಎಷ್ಟರಲ್ಲಿ ಹೆಂಗಸಿನ ಹೆಸರಿದೆ ಎಂದು ಓದುಗರು ತಮ್ಮ ತಮ್ಮ ಮನೆಯದನ್ನೇ ತೆಗೆದು ನೋಡಲಿ. ಕಾಡಿನ ಕಾಯಿದೆಯಿಂದ ನಾಡು ಕಲಿಯಬೇಕಾದದ್ದು ಇಲ್ಲಿದೆ.

ಹಾಗಾದರೆ ನಮ್ಮ ಸಂಘಟನೆಗಳು ಮಾಡಬೇಕಾದದ್ದೇನು? ನಾವು ಹಾಡಿಗಳಿಗೆ, ಕಾಲೊನಿಗಳಿಗೆ ಅರಿವು ಶಿಬಿರ ನಡೆಸಲು ಹೋಗುತ್ತೇವೆ. ಹೋಗೋಣ. ಆದರೆ ‘ನಿಮ್ಮನ್ನು ಮುಂದೆ ತರುತ್ತೇವೆ’ ಎಂದು ಹೋಗುವುದು ಬೇಡ. ಅಲ್ಲಿನ ಹಿರಿಯ ಹೆಂಗಸರನ್ನು ಮುಂದೆ ಕೂರಿಸಿ, ಬಿಟ್ಟು ಬಂದ ಮಗಳನ್ನು ಅವರು ಹೇಗೆ ಉಳಿಸಿಕೊಳ್ಳುತ್ತಿದ್ದರು ಎಂದು ಕೇಳಿ ಬರೆದುಕೊಳ್ಳೋಣ. ಆ ತಲೆಮಾರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ. ಅಲ್ಲಿನ ಓದಿದ ಹುಡುಗರಿಗೆ, ‘ನಿಮ್ಮ ಅಜ್ಜ ತೆಗೆದುಕೊಳ್ಳದ್ದನ್ನು ನೀವು ತೆಗೆದುಕೊಳ್ಳುವುದು ಮುಂದುವರಿಯುವುದಲ್ಲ’ ಎಂದು ಹೇಳೋಣ. ಕುಲಪಂಚಾಯಿತಿಯ ಚಾವಡಿಯಲ್ಲಿ ಹೆಂಗಸರೂ ಕೂರಬೇಕೆಂದು ಅವರ ಜೊತೆ ನಿಂತು ಕೇಳೋಣ. ಬುಡಕಟ್ಟಿನ ಮಗಳ ಸಮಪಾಲಿಗೆ ಶಾಸನ ಬೇಕೆಂಬ ಒತ್ತಾಯ ನಮ್ಮ ಠರಾವುಗಳಲ್ಲಿ ಬರಲಿ.

ಇದಕ್ಕಿಂತ ಮುಖ್ಯವಾದದ್ದು ನಮ್ಮ ಸ್ವಂತ ಮನೆಗಳಲ್ಲಿ ಆಗಬೇಕು. ಮಗಳ ಮದುವೆಗೆಂದು ಕೂಡಿಟ್ಟ ಹಣ ಛತ್ರಕ್ಕೂ ಚಿನ್ನಕ್ಕೂ ಅಳಿಯನ ಕಾರಿಗೂ ಹೋಗುವ ಬದಲು ಅವಳ ಹೆಸರಿನಲ್ಲಿ ಒಂದು ಮನೆಯೋ ನೆಲವೋ ಆಗಲಿ. ಪಾಲು ಪಾಲಾಗಿಯೇ ಬರಲಿ, ಬಳುವಳಿಯಾಗಿ ಅಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಎಂದು ಕರೆದ ಅಣ್ಣನಿಗೆ ಅಕ್ಕತಂಗಿಯರು ಒಟ್ಟಾಗಿ ‘ಇಲ್ಲ’ ಎನ್ನಲಿ. ಹಾಗೆಂದವರ ಬೆನ್ನಿಗೆ ಅತ್ತಿಗೆಯರೂ ನಿಲ್ಲಲಿ, ಏಕೆಂದರೆ ಅವರೂ ಯಾವುದೋ ಮನೆಯ ಹೊರಗಾದ ಹೆಣ್ಣುಮಕ್ಕಳೇ. ಮಗಳನ್ನು ಧಾರೆ ಎರೆದು ಕಳಿಸುವಾಗ ‘ಹೋದ ಮನೆಗೆ ಹೆಸರು ತಾ’ ಎಂದು ಹರಸುವ ತಾಯಂದಿರು ಅದರ ಜೊತೆಗೆ ಇನ್ನೊಂದು ಮಾತನ್ನು ಎಲ್ಲರಿಗೂ ಕೇಳುವ ಹಾಗೆ, ಅಳಿಯನಿಗೂ ಬೀಗರಿಗೂ ಕೇಳುವ ಹಾಗೆ ಹೇಳಲಿ: ‘ಅಲ್ಲಿ ಬಾಳಲಾಗದಿದ್ದರೆ ಬಾ. ನಿನ್ನ ಕೋಣೆ ಹಾಗೇ ಇರುತ್ತದೆ.’

ಒಂದು ಸಮಾಜ ಎಷ್ಟು ನಾಗರಿಕ ಎಂಬುದನ್ನು ಅದರ ಗೋಪುರಗಳ ಎತ್ತರದಿಂದ, ಅದು ಹೊರದೇಶಗಳಿಗೆ ಮಾರುವ ತಂತ್ರಾಂಶದ ಲೆಕ್ಕದಿಂದ ಅಳೆಯುವುದು ನಮಗೆ ಅಭ್ಯಾಸವಾಗಿದೆ. ನಾನು ಸೂಚಿಸುವ ಅಳತೆ ಸರಳವಾದದ್ದು. ಏಟು ತಿಂದ ಮಗಳು ನಡುರಾತ್ರಿ ಬಂದು ಬಾಗಿಲು ತಟ್ಟಿದರೆ ಆ ಮನೆ ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ, ಮತ್ತು ಬೆಳಗಾದ ಮೇಲೆ ಅವಳನ್ನು ವಾಪಸು ಕಳಿಸಲು ಯಾರಾದರೂ ಗಾಡಿ ಹುಡುಕುತ್ತಾರೋ ಇಲ್ಲವೋ ಎಂಬುದನ್ನು ನೋಡಿದರೆ ಸಾಕು. ಈ ಅಳತೆಯಲ್ಲಿ ಬನ್ನೇರುಘಟ್ಟದ ಕಾಡಿನ ಅಂಚಿನ ಹಂಚಿನ ಮನೆಗಳು ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಎಷ್ಟೋ ಬಹುಮಹಡಿ ಮನೆಗಳಿಗಿಂತ ಇನ್ನೂ ಮುಂದಿವೆ. ಆ ಮನೆಗಳು ಹಿಂದೆ ಬೀಳದಂತೆ, ನಮ್ಮ ಮನೆಗಳು ಅಲ್ಲಿಗೆ ತಲುಪುವಂತೆ ನೋಡಿಕೊಳ್ಳುವುದು ಈಗಿನ ಕೆಲಸ.